ಕೀಲು ಕುದುರೆ ಏರಿ ಬಂದ ರಾಕ್: 'ಸ್ವರಾತ್ಮ'ದ ಮೊದಲ ವರ್ಷಗಳು

ಮೈಸೂರಿನ ಮಂಡಿ ಮೊಹಲ್ಲಾದಿಂದ ಮಾತಾಡ್ತಿದೀನಿ. ಹಿಂದೆ ಲಾರಿ ರಿವರ್ಸ್ ತಗೊಳ್ಳೋ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮ ಸ್ಟುಡಿಯೋ ಅಂದ್ರೆ ಒಂದು ರೂಮು, ಗೋಡೆಗೆ ನೇತು ಹಾಕಿರೋ ಎರಡು ರಜಾಯಿ, ಒಂದು ಮೈಕು. ಅಷ್ಟೇ.

ಇವತ್ತಿನ ವಿಷಯ ನಗಿಸೋ ರಾಕ್ ಬ್ಯಾಂಡು. ರಾಕ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕಪ್ಪು ಟೀ ಶರ್ಟು, ಉದ್ದ ಕೂದಲು, ಪ್ರಪಂಚದ ಮೇಲೆಲ್ಲ ಕೋಪ. ಈಗ ಇನ್ನೊಂದು ಚಿತ್ರ ಹೇಳ್ತೀನಿ. ಸ್ಟೇಜ್ ಮೇಲೆ ಡ್ರಮ್ಸ್ ಇದೆ, ಬೇಸ್ ಗಿಟಾರ್ ಇದೆ, ಪಿಟೀಲು ಇದೆ. ಹಾಡೋನು ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು, ಸೊಂಟಕ್ಕೆ ಕುದುರೆ ಕಟ್ಕೊಂಡು ಕುಣಿತಾ ಬರ್ತಾನೆ. ನಿಜವಾದ ಕುದುರೆ ಅಲ್ಲ, ಬಟ್ಟೆ ಹೊದಿಸಿದ ಬೊಂಬೆ ಕುದುರೆ. ಮುಂದೆ ನಿಂತಿರೋ ಕಾಲೇಜು ಹುಡುಗರು ಮೊದಲು ನಗ್ತಾರೆ. ನಕ್ಕ ಮೇಲೆ ಅಲ್ಲೇ ನಿಲ್ತಾರೆ. ಆಮೇಲೆ ಹಾಡು ಶುರುವಾಗುತ್ತೆ.

ಆ ಹಾಡೋನು ವಾಸು ದೀಕ್ಷಿತ್. ಬ್ಯಾಂಡಿನ ಹೆಸರು 'ಸ್ವರಾತ್ಮ'.

ಮೈಸೂರಿನೋರಿಗೆ ಆ ಕುದುರೆ ನೋಡಿದ್ರೆ ಪರಿಚಯ ಹೇಳೋದೇ ಬೇಡ. ದಸರಾ ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತಲ್ಲ, ಅದು ನಮ್ಮ ಏರಿಯಾದ ಪಕ್ಕದಲ್ಲೇ ಹಾದು ಹೋಗೋದು. ಆನೆ ಬರೋಕೆ ಮುಂಚೆ ಡೊಳ್ಳು ಬರುತ್ತೆ, ಗಾರುಡಿ ಗೊಂಬೆ ಬರುತ್ತೆ, ಕೀಲು ಕುದುರೆ ಬರುತ್ತೆ. ಬಿಸಿಲಲ್ಲಿ ಬೆಳಗ್ಗಿಂದ ಕಾದು ಸುಸ್ತಾದ ಜನ ಕೀಲು ಕುದುರೆ ಬಂದಾಗ ಮತ್ತೆ ಎದ್ದು ನಿಲ್ತಾರೆ. ಆ ಕುಣಿತದ ಕೆಲಸವೇ ಅದು, ಚದುರಿ ಹೋಗೋ ಜನರನ್ನ ಹಿಡಿದು ನಿಲ್ಲಿಸೋದು. ಬ್ಯಾಂಡಿನೋರು ತಗೊಂಡಿದ್ದೂ ಅದನ್ನೇ ಅಂತ ನನಗೆ ಅನ್ಸುತ್ತೆ. ಚೆಂದಕ್ಕೆ ಅಂತ ತಗೊಂಡಿದ್ದಲ್ಲ, ಕೆಲಸಕ್ಕೆ ತಗೊಂಡಿದ್ದು.

ಯಾಕೆ ಹೀಗೆ ಹೇಳ್ತೀನಿ ಅಂದ್ರೆ, ಆ ಕುದುರೆ ಹಿಂದೆ ಬರ್ತಿದ್ದ ಹಾಡುಗಳು ತಮಾಷೆಯವಲ್ಲ. ಅವರ ಮೊದಲ ಆಲ್ಬಮ್‌ನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಪ್ಯಾಸಿ ಅಂದ್ರೆ ಬಾಯಾರಿದವಳು. ಮಾತಾಡ್ತಿರೋಳು ಕಾವೇರಿ. ನೀರಿಗೋಸ್ಕರ ಎರಡು ರಾಜ್ಯ ಹೊಡೆದಾಡ್ತಿದ್ರೆ, ಆ ನದಿಗೇ ಬಾಯಾರಿಕೆ. ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಿದ್ದು 2007ರ ಫೆಬ್ರವರಿ 5ಕ್ಕೆ. ತಮಿಳುನಾಡಿಗೆ 419 ಟಿಎಂಸಿ, ನಮಗೆ 270. ಆಲ್ಬಮ್ ಬಂದಿದ್ದು 2009ರಲ್ಲಿ. ತೀರ್ಪಿನ ಬಿಸಿ ಇನ್ನೂ ಆರಿರಲಿಲ್ಲ. ಕೆಆರ್‌ಎಸ್ ಇಲ್ಲಿಂದ ಎಷ್ಟು ದೂರ ಹೇಳಿ? ಬೈಕಲ್ಲಿ ಸಂಜೆ ಹೋಗಿ ಊಟಕ್ಕೆ ವಾಪಸ್ ಬರಬಹುದು. ಕಾವೇರಿ ಅಂದ ಕೂಡಲೇ ಅಂಗಡಿ ಶಟರ್ ಎಳೆಯೋ ಊರಿನವನು, ಆ ಹೊತ್ತಲ್ಲಿ 'ನಮ್ಮ ನೀರು' ಅಂತಾನೂ ಅನ್ನದೆ, 'ಅವರ ನೀರು' ಅಂತಾನೂ ಅನ್ನದೆ, ನದಿ ಕೈಗೇ ಮೈಕು ಕೊಡ್ತಾನೆ. ಸುಮ್ನೆ ಗಿಟಾರ್ ಹಿಡಿದು ಇದನ್ನ ಹೇಳೋಕೆ ಹೋಗಿದ್ರೆ ಭಾಷಣ ಆಗೋಗ್ತಿತ್ತು. ಕುದುರೆ ನೋಡಿ ನಕ್ಕವನು ಕಿವಿ ತೆರೆದಿರ್ತಾನೆ.

ಸರಿ, ಇವರು ಎಲ್ಲಿಂದ ಬಂದ್ರು? ಇಲ್ಲಿ ಅಣ್ಣನ ಕಥೆ ಹೇಳದೆ ತಮ್ಮನ ಕಥೆ ಹೇಳೋಕಾಗಲ್ಲ. ವಾಸು, ರಘು ದೀಕ್ಷಿತ್ ಅವರ ತಮ್ಮ. ರಘು ಓದಿದ್ದು ಮೈಕ್ರೋಬಯಾಲಜಿ, ಕಲಿತಿದ್ದು ಭರತನಾಟ್ಯ. ಗಿಟಾರ್ ಕೈಗೆ ಬಂದಿದ್ದು ಒಂದು ಹಟಕ್ಕೆ. ಹುಡುಗ ಆಗಿ ಡಾನ್ಸ್ ಮಾಡ್ತಾನೆ ಅಂತ ಕಾಲೇಜಿನಲ್ಲಿ ಗಿಟಾರ್ ಬಾರಿಸೋ ಸಹಪಾಠಿ ಒಬ್ಬ ಆಡ್ಕೊಂಡಿದ್ದಕ್ಕೆ, ಎರಡು ತಿಂಗಳಲ್ಲಿ ಗಿಟಾರ್ ಕಲಿತು ತೋರಿಸ್ತೀನಿ ಅಂತ ಸವಾಲು ಹಾಕಿದ ಕಥೆಯನ್ನ ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದಾರೆ. ಆಮೇಲೆ 'ಅಂತರಾಗ್ನಿ' ಬ್ಯಾಂಡು, ಬೆಲ್ಜಿಯಂನಲ್ಲಿ ಔಷಧ ಕಂಪನಿ ಕೆಲಸ, ವಾಪಸ್ಸು ಬರೋದು, ವರ್ಷಗಟ್ಟಲೆ ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟೋದು. ಕೊನೆಗೆ ಮುಂಬೈಯ ಒಂದು ಶೋನಲ್ಲಿ ವಿಶಾಲ್-ಶೇಖರ್ ಕಿವಿಗೆ ಬಿದ್ದು, ಮೊದಲ ಆಲ್ಬಮ್ ಬಂದಿದ್ದು 2008ಕ್ಕೆ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ರಾಕ್ ಹಾಡಿದ ಮನುಷ್ಯ. ಆ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ, ಒಂದು ಗುಡುಗುಡಿಯದ್ದು, ಇನ್ನೊಂದು ಸೋರೋ ಮಾಳಿಗೆಯದ್ದು. ಎರಡೂ ಮೇಲ್ನೋಟಕ್ಕೆ ನಗೆ ಪದಗಳೇ. ಹುಕ್ಕಾ ಸೇದೋದು, ಮನೆ ಸೋರೋದು. ಒಳಗಿರೋದು ಮಾತ್ರ ದೇಹ, ಸಾವು, ಅಜ್ಞಾನ.

ನೋಡಿ, ಇಲ್ಲೇ ಒಂದು ಜಗಳ ಬರುತ್ತೆ. "ರಾಕ್ ಅನ್ನೋದು ಇಂಗ್ಲಿಷಿನವರದ್ದು, ತಮಾಷೆ ಹಾಡು ಮಾಡಿದ್ರೆ ಕನ್ನಡ ಹಾಳಾಗುತ್ತೆ" ಅಂತ ಹೇಳೋ ಅಂಕಲ್‌ಗಳು ಪ್ರತಿ ಬೀದಿಗೂ ಇಬ್ಬರು ಇರ್ತಾರೆ. ಅವರಿಗೆ ನಾನು ಟಿ.ಪಿ. ಕೈಲಾಸಂ ಹೆಸರು ಹೇಳ್ತೀನಿ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದೋಕೆ ಹೋದ ಕೈಲಾಸಂ, ವಾಪಸ್ ಬರುವಾಗ ಅಲ್ಲಿನ ಮ್ಯೂಸಿಕ್ ಹಾಲ್‌ಗಳ ಧಾಟಿಯನ್ನೂ ತಲೆಯಲ್ಲಿ ತುಂಬ್ಕೊಂಡು ಬಂದ್ರು. 'ಟಿಪ್ಪರರಿ' ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿ ಆಯ್ತು. 1928ರಲ್ಲಿ 'ಕಾನ್‌ಸ್ಟಾಂಟಿನೋಪಲ್' ಅನ್ನೋ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ ಹೇಳೋ ಒಂದು ಇಂಗ್ಲಿಷ್ ತಮಾಷೆ ಹಾಡು ಬಂತು. ಅದರ ದಾರಿ ಹಿಡಿದು ಕೈಲಾಸಂ ಮಾಡಿದ್ದೇ 'ಕೋಳೀಕೆ ರಂಗ'. ಅದನ್ನ ಸ್ಕೂಲ್ ಡೇನಲ್ಲಿ ಕುಣಿದವರು ನಿಮ್ಮಲ್ಲೇ ಎಷ್ಟು ಜನ ಇದೀರೋ! ಅಂದ್ರೆ ಇಂಗ್ಲಿಷ್ ಪಾಪ್ ಹಾಡಿನ ಧಾಟಿಗೆ ಪಂಚೆ ಉಡಿಸೋ ಕೆಲಸ ನಮ್ಮಲ್ಲಿ ರಘು ದೀಕ್ಷಿತರ ತಾತನ ಕಾಲಕ್ಕೇ ನಡೆದಿತ್ತು.

ಈ ಹಾಡಿಗೆ ಒಂದು ಬಾಲ ಇದೆ, ಅದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಅದೇ ಊರಿನ ಹೆಸರು ಇಟ್ಕೊಂಡು 1953ರಲ್ಲಿ 'ಇಸ್ತಾಂಬುಲ್' ಅಂತ ಇನ್ನೊಂದು ತಮಾಷೆ ಹಾಡು ಬಂತು. ಹಳೇದಕ್ಕೆ ಜವಾಬು ಕೊಟ್ಟ ಹಾಗೆ, ಕಾನ್‌ಸ್ಟಾಂಟಿನೋಪಲ್ ಅಲ್ಲ ಸ್ವಾಮಿ, ಈಗ ಇಸ್ತಾಂಬುಲ್ ಅಂತ. 1990ರಲ್ಲಿ ಅದನ್ನ ಮತ್ತೆ ಹಾಡಿದ್ದು 'ದೇ ಮೈಟ್ ಬಿ ಜೈಂಟ್ಸ್' ಅನ್ನೋ ಅಮೆರಿಕದ ಬ್ಯಾಂಡು. ಪ್ರಪಂಚದಲ್ಲಿ ನಗಿಸೋ ರಾಕ್ ಬ್ಯಾಂಡ್ ಅಂದ್ರೆ ಮೊದಲು ಬಾಯಿಗೆ ಬರೋ ಹೆಸರುಗಳಲ್ಲಿ ಅದೂ ಒಂದು. ಕೋಳೀಕೆ ರಂಗನ ದೂರದ ಅಮೆರಿಕನ್ ಸೋದರಮಾವನ ಮಗ ಅನ್ಕೊಳ್ಳಿ.

ಬರೀ ನೆಂಟಸ್ತಿಕೆ ಹೇಳೋಕೆ ಇವರನ್ನ ಎಳ್ಕೊಂಡು ಬಂದಿಲ್ಲ. ನಾನು ಓದಿದ್ದು ಬಿಕಾಂ. ಬ್ಯಾಂಡ್ ಕಥೆ ಕೇಳಿದಾಗಲೂ ನನ್ನ ಕಣ್ಣು ಹೋಗೋದು ಖರ್ಚಿನ ಕಾಲಂಗೆ. ಇವರು ಇಬ್ಬರೇ, ಜಾನ್ ಫ್ಲಾನ್ಸ್‌ಬರ್ಗ್ ಮತ್ತು ಜಾನ್ ಲಿನೆಲ್. 1981ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದ್ರು. ಡ್ರಮ್ಮರ್ ಇಲ್ಲ, ಡ್ರಮ್ ಮೆಷಿನ್ ಮತ್ತು ಟೇಪು. ಜೊತೆಗೆ ಒಂದು ಅಕಾರ್ಡಿಯನ್. ಆಮೇಲೆ ಒಬ್ಬ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರ್ಕೊಂಡ, ಇನ್ನೊಬ್ಬನ ಮನೆ ಕಳ್ಳತನ ಆಯ್ತು. ಶೋ ಮಾಡೋ ಹಾಗಿಲ್ಲ. ಅವಾಗ ಏನು ಮಾಡಿದ್ರು? ಮನೆಯ ಫೋನಿಗೆ ಆನ್ಸರಿಂಗ್ ಮೆಷಿನ್ ಹಾಕಿ, ಅದರಲ್ಲಿ ತಮ್ಮ ಹಾಡು ಇಟ್ಟರು. ಯಾರಾದ್ರೂ ಆ ನಂಬರಿಗೆ ಫೋನ್ ಮಾಡಿದ್ರೆ ಹಾಡು ಕೇಳುತ್ತೆ. ಆಗಾಗ ಹಾಡು ಬದಲಾಗುತ್ತೆ. ಒಂದು ಸಲಕ್ಕೆ ಒಬ್ಬನೇ ಕೇಳುಗ, ಇನ್ನೊಬ್ಬ ಮಾಡಿದ್ರೆ ಎಂಗೇಜ್ ಟೋನ್. ಹೆಸರು 'ಡಯಲ್ ಎ ಸಾಂಗ್'. ಪೇಪರಿನಲ್ಲಿ ಪುಟಾಣಿ ಜಾಹೀರಾತು, ಆಫೀಸಿನಿಂದ ಫೋನ್ ಮಾಡಿದ್ರೆ ಫ್ರೀ ಅಂತ! ಮೊದಲ ಆಲ್ಬಮ್ 1986ಕ್ಕೆ ಬಂತು. ಅಷ್ಟರೊಳಗೆ ಒಬ್ಬೊಬ್ಬರಾಗಿ ಕೇಳುಗರನ್ನ ಸೇರಿಸ್ಕೊಂಡಿದ್ರು.

ತಮಾಷೆ ಯಾಕೆ ಬೇಕಾಯ್ತು ಅನ್ನೋದಕ್ಕೆ ಉತ್ತರ ಇಲ್ಲಿದೆ. ಫೋನಿನಲ್ಲಿ ಗೊರಗೊರ ಅಂತ ಕೇಳೋ ಹಾಡಿಗೆ ಸೌಂಡ್ ಕ್ವಾಲಿಟಿ ಇರಲ್ಲ, ಲೈಟಿಂಗ್ ಇರಲ್ಲ. ಅರ್ಧ ನಿಮಿಷದಲ್ಲಿ ಕೇಳುಗನನ್ನ ಹಿಡಿದಿಡೋಕೆ ಮಾತಿನಲ್ಲಿ ಒಂದು ಕಿತಾಪತಿ ಬೇಕು. ದುಡ್ಡಿಲ್ಲದ ಬ್ಯಾಂಡಿಗೆ ನಗು ಅನ್ನೋದು ಬಂಡವಾಳ ಇಲ್ಲದ ಮಾರ್ಕೆಟಿಂಗು.

ಸ್ವರಾತ್ಮ ಶುರುವಾದ 2000ದ ದಶಕದ ಆರಂಭವನ್ನ ನೆನಪಿಸ್ಕೊಳ್ಳಿ. ಯೂಟ್ಯೂಬ್ ಇಲ್ಲ, ಅದು ಬಂದಿದ್ದು 2005ರಲ್ಲಿ. ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರಲ್ಲಿ. ರೀಲ್ಸ್ ಮಾತು ಬಿಡಿ. ಸ್ವಂತ ಹಾಡು ಹಾಡೋ ಬ್ಯಾಂಡಿಗೆ ಇದ್ದ ದಾರಿ ಅಂದ್ರೆ ಕಾಲೇಜು ಫೆಸ್ಟು, ಸ್ಪರ್ಧೆ, ಯಾರಾದ್ರೂ ಕರೆದ್ರೆ ಪಬ್ಬು. ಅಲ್ಲಿ ಜನ ಕೇಳೋಕೆ ಬಂದಿದ್ದು ಇಂಗ್ಲಿಷ್ ಕವರ್ ಹಾಡು. ಅದರ ಮಧ್ಯೆ ಜಾನಪದದ ಧಾಟಿ, ಕರ್ನಾಟಕ ಸಂಗೀತದ ಪಿಟೀಲು, ಸೊಂಟಕ್ಕೆ ಕುದುರೆ. ಹುಚ್ಚು ಅಂದ್ಕೊಳ್ಳದೆ ಇನ್ನೇನು?

ಆದ್ರೆ ಹುಚ್ಚು ಫಲ ಕೊಡ್ತು. 2006ರಲ್ಲಿ 'ರೇಡಿಯೋ ಸಿಟಿ ಲೈವ್' ಸ್ಪರ್ಧೆ ಗೆದ್ದರು. ಆ ವರ್ಷಗಳಲ್ಲಿ ತಂಡವೂ ಗಟ್ಟಿಯಾಯ್ತು. ವಾಸು ಹಾಡು, ಪವನ್ ಕುಮಾರ್ ತಾಳವಾದ್ಯ, ಜಿಷ್ಣು ದಾಸ್‌ಗುಪ್ತ ಬೇಸ್, ಮಾಂಟ್ರಿ ಮ್ಯಾನುಯಲ್ ಡ್ರಮ್ಸ್, ಸಂಜೀವ್ ನಾಯಕ್ ಪಿಟೀಲು, ವರುಣ್ ಮುರಳಿ ಗಿಟಾರ್. ಬೆಂಗಳೂರೇ ನೆಲೆ ಆಯ್ತು. ಮೈಸೂರಿನ ಪ್ರತಿಭೆಗೆ ಹಳೇ ಹಣೆಬರಹ ಇದು, ಬೆಳಗ್ಗೆ ಟ್ರೇನ್ ಹತ್ತಿದ್ರೆ ಆಯ್ತು. 2009ರ ಶುರುವಿನಲ್ಲಿ ಮೊದಲ ಆಲ್ಬಮ್ ಬಂತು, ಹೆಸರೂ 'ಸ್ವರಾತ್ಮ'. ತಂದವರು ಇಎಂಐನ ವರ್ಜಿನ್ ರೆಕಾರ್ಡ್ಸ್. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ 'ಸೌಂಡ್‌ಪ್ಯಾಡ್' ಯೋಜನೆಗೆ ಭಾರತದ ನಾಲ್ಕು ಬ್ಯಾಂಡ್ ಆಯ್ಕೆ ಆದವು. ಸ್ವರಾತ್ಮ, ಅದ್ವೈತ, ಇಂಡಿಗೋ ಚಿಲ್ಡ್ರನ್, ಮೆಡೂಸಾ. ರೆಕಾರ್ಡಿಂಗ್ ಮಾಡಿಸಿದ್ದು ಜಾನ್ ಲೆಕಿ, ರೇಡಿಯೋಹೆಡ್‌ನ 'ದಿ ಬೆಂಡ್ಸ್' ಆಲ್ಬಮ್ ಮಾಡಿದ ನಿರ್ಮಾಪಕರು. ಬಟ್ಟೆ ಕುದುರೆ ಇಂಗ್ಲೆಂಡ್‌ವರೆಗೂ ದಾರಿ ಮಾಡ್ಕೊಡ್ತು ನೋಡಿ.

ಇಲ್ಲಿ ನನ್ನದೊಂದು ತಕರಾರು ಇದೆ. ಮೊದಲ ಆಲ್ಬಮ್‌ನಲ್ಲಿ 'ಈ ಭೂಮಿ' ಅಂತ ಕನ್ನಡ ಹಾಡು ಇದೆ, ಆದ್ರೆ ಬಹುಪಾಲು ಹಿಂದಿ. ಕಾವೇರಿ ಕೂಡ ಹಿಂದಿಯಲ್ಲೇ ಮಾತಾಡ್ತಾಳೆ! ಲೆಕ್ಕ ಅರ್ಥ ಆಗುತ್ತೆ. ದೇಶದ ಲೇಬಲ್ಲು, ದೇಶದ ಮಾರುಕಟ್ಟೆ, ತಂಡದಲ್ಲಿ ಬೇರೆ ಬೇರೆ ಮನೆಮಾತಿನವರು. ಎರಡು ರಾಜ್ಯದ ಜಗಳದ ಹಾಡನ್ನ ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ ಹಾಡೋದೇ ಸರಿ ಅಂತಾನೂ ವಾದ ಮಾಡಬಹುದು. ಆದ್ರೂ ತಮಾಷೆ ಅನ್ನೋದು ಮನೆಮಾತಿನಲ್ಲಿ ಹುಟ್ಟಿದಷ್ಟು ಚುರುಕಾಗಿ ಬೇರೆಲ್ಲೂ ಹುಟ್ಟಲ್ಲ. ಕೈಲಾಸಂ ಇಂಗ್ಲಿಷನ್ನ ಕನ್ನಡದ ಬಾಯಿಗೆ ಹಾಕಿ ಅಗಿದಿದ್ದಕ್ಕೇ ಇವತ್ತಿಗೂ ನಗು ಬರೋದು.

ಈ ಮಾತು ನನಗೆ ಯಾಕೆ ಇಷ್ಟು ಕಚ್ಚುತ್ತೆ ಅಂದ್ರೆ, ನಮ್ಮ ಏರಿಯಾದಲ್ಲೇ ಒಂದು ಬ್ಯಾಂಡ್ ಹುಟ್ಟೋಕೆ ಒದ್ದಾಡ್ತಿದೆ. ಮಿಷನ್ ಆಸ್ಪತ್ರೆ ಹಿಂದಿನ ಗಲ್ಲಿ, ನಾಲ್ಕು ಹುಡುಗರು. ಒಬ್ಬನ ಮನೇಲಿ ಉರ್ದು, ಇನ್ನೊಬ್ಬನ ಮನೇಲಿ ತಮಿಳು, ಉಳಿದಿಬ್ಬರದ್ದು ಕನ್ನಡ. ಬೈಯ್ಯೋದು ಮಾತ್ರ ಎಲ್ಲರೂ ಕನ್ನಡದಲ್ಲೇ. ಅವರ ಹತ್ರ ಒಂದು ಹಾಡಿದೆ, ಬಾಡಿಗೆ ಮನೆ ಬ್ರೋಕರ್ ಮೇಲೆ. ಹೆಸರು ಕೇಳಿ, ಊರು ಕೇಳಿ, 'ನಾನ್-ವೆಜ್ಜಾ?' ಅಂತ ಕೇಳಿ, ಕೊನೆಗೆ ಮನೆ ಆಗಲೇ ಹೋಯ್ತಲ್ಲ ಅನ್ನೋ ಬ್ರೋಕರು. ಮೊದಲ ಸಲ ಕೇಳಿದಾಗ ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಎರಡನೇ ಸಲ ಕೇಳುವಾಗ ಹಾಡ್ತಿದ್ದವನ ಮುಖ ನೋಡಿದೆ. ಅವನ ಮನೆಯೋರು ಆರು ತಿಂಗಳು ಬಾಡಿಗೆ ಮನೆ ಹುಡುಕಿದ್ದು ನನಗೆ ಗೊತ್ತು.

ಹೋದ ತಿಂಗಳು ಒಂದು ಕೆಫೆಯೋರು ಶನಿವಾರದ ಶೋಗೆ ಕರೆದ್ರು. ಕಂಡೀಷನ್ ಏನು ಗೊತ್ತಾ? ಕವರ್ ಹಾಡು ಮಾತ್ರ, 'ಕಾಮಿಡಿ ಐಟಂ' ಬೇಡ. ಆ ರಾತ್ರಿ ನಮ್ಮ ರೂಮಿನಲ್ಲೇ ಅವರ ಜಗಳ.

"ಬಿಟ್ಬಿಡೋಣ ಮಗಾ, ನಾಲ್ಕು ಶೋ ಮಾಡಿ ಹೆಸರು ಬರಲಿ, ಆಮೇಲೆ ನಮ್ದು ಹಾಡಣ" ಅಂತ ಡ್ರಮ್ಮರು. ಹಾಡೋನು ಹೇಳಿದ್ದು ಒಂದೇ ಮಾತು: "ಅದನ್ನ ಬಿಟ್ರೆ ನಾವು ಬರೀ ಬಾಡಿಗೆಗೆ ಸಿಗೋ ಸ್ಪೀಕರು ಗುರು."

ಲೆಕ್ಕ ಹಾಕೋ ಕೆಲಸ ನನಗೆ ಬಿತ್ತು. ಪ್ರಾಕ್ಟೀಸ್ ರೂಮಿನ ಬಾಡಿಗೆ, ಸಾಮಾನು ಸಾಗಿಸೋ ಆಟೋ, ತಂತಿ, ಕೇಬಲ್ಲು ಎಲ್ಲ ಕಳೆದ್ರೆ ಆ ಶೋನಿಂದ ಒಬ್ಬೊಬ್ಬನಿಗೆ ಒಂದು ಬಿರಿಯಾನಿ, ಒಂದು ಟೀ ಉಳಿಯುತ್ತೆ. ಕವರ್ ಹಾಡಿನಿಂದ ಇಷ್ಟೇ ಲಾಭ ಅಂದ್ರೆ, ನಷ್ಟದಲ್ಲೇ ಇದ್ದು ಸ್ವಂತ ಹಾಡು ಹಾಡೋದಕ್ಕೆ ಏನು ಅಡ್ಡಿ? ಡ್ರಮ್ಮರ್ ಒಪ್ಪಲಿಲ್ಲ. ಅವನದ್ದೂ ತಪ್ಪಲ್ಲ, ಡ್ರಮ್ ಕಿಟ್‌ನ ಇಎಂಐ ಕಟ್ತಿರೋನು ಅವನೇ. ಆ ಜಗಳ ಇನ್ನೂ ಮುಗಿದಿಲ್ಲ.

ಅವರಿಗೆ ನಾನು ಹಾಕಿ ಕೇಳಿಸಿದ್ದು ಸ್ವರಾತ್ಮದ ಎರಡನೇ ಆಲ್ಬಮ್, 2012ರ 'ಟೋಪಿವಾಲೆ'. ನಿರ್ಮಾಪಕರು ಶಂಕರ್-ಎಹಸಾನ್-ಲಾಯ್ ತಂಡದ ಲಾಯ್ ಮೆಂಡೋನ್ಸಾ. ಮೊದಲ ವರ್ಷಗಳ ವೇಷ, ಕುಣಿತ ಎಲ್ಲ ಇಲ್ಲಿ ಪೂರ್ತಿ ವ್ಯಂಗ್ಯ ಆಗಿ ಹಣ್ಣಾಗಿದೆ. ಟೈಟಲ್ ಹಾಡು ಜನರಿಗೆ ಟೋಪಿ ಹಾಕೋ ರಾಜಕಾರಣಿಗಳ ಮೇಲೆ. ಇನ್ನೊಂದು ಹಾಡು ಸುದ್ದಿ ಮಾರೋರ ಮೇಲೆ. 'ಇವತ್ತಿನ ತಾಜಾ ಸುದ್ದಿ' ಅಂತ ಕೂಗ್ತಾರಲ್ಲ, ಅದನ್ನ ತಿರುಚಿ 'ತಾಜಾ ಚಿಂತೆ' ಅಂತ ಹೆಸರಿಟ್ಟಿದಾರೆ. ನನ್ನ ಕೇಳಿದ್ರೆ ಟೈಟಲ್ ಹಾಡಿನ ನಗು ಸ್ವಲ್ಪ ಸುಲಭದ್ದು. ರಾಜಕಾರಣಿ ಕಳ್ಳ ಅನ್ನೋಕೆ ಧೈರ್ಯ ಬೇಡ, ಟೀ ಅಂಗಡೀಲಿ ದಿನಾ ಅಂತೀವಿ. ಸುದ್ದಿಯ ಹಾಡು ಹೆಚ್ಚು ಚುಚ್ಚುತ್ತೆ, ಯಾಕಂದ್ರೆ ಅದನ್ನ ಕೊಂಡ್ಕೊಳ್ಳೋರು ನಾವೇ.

ಆದ್ರೆ ಅದೇ ಆಲ್ಬಮ್‌ನಲ್ಲಿ 'ಘುಮ್' ಅಂತ ಇನ್ನೊಂದು ಹಾಡಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಅಲ್ಲಿ ಕುದುರೆ ಇಲ್ಲ, ಟೋಪಿ ಇಲ್ಲ, ಒಂದೇ ಒಂದು ನಗೆ ಮಾತಿಲ್ಲ. ಎಲ್ಲಿ ನಗಿಸಬೇಕು ಅನ್ನೋದು ಗೊತ್ತಿದ್ದವರಿಗೆ ಎಲ್ಲಿ ನಗು ಮುಟ್ಟಬಾರದು ಅನ್ನೋದೂ ಗೊತ್ತಿತ್ತು. ಬರೀ ಕಾಮಿಡಿ ಬ್ಯಾಂಡ್ ಆಗಿದ್ರೆ ಆ ಹಾಡು ಹಾಡೋಕೆ ಅವರಿಗೆ ಜಾಗವೇ ಸಿಗ್ತಿರಲಿಲ್ಲ, ಜನ ಪಂಚ್‌ಲೈನ್‌ಗೆ ಕಾಯ್ತಾ ಕೂತಿರ್ತಿದ್ರು. ಇವರು ನಕ್ಕಿಸಿ ಕರೆದ ಜನ ಆ ಹಾಡಿನ ಹೊತ್ತಿಗೆ ಸುಮ್ಮನೆ ನಿಲ್ಲೋದನ್ನ ಕಲಿತಿದ್ರು.

ಹುಡುಗರು 'ಘುಮ್' ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಡೋನು ಬ್ರೋಕರ್ ಹಾಡಿನ ಕೊನೆ ಚರಣ ಬದಲಾಯಿಸ್ತೀನಿ ಅಂದ. ಹೇಗೆ ಅಂತ ಹೇಳಲಿಲ್ಲ.

ನೀವು ಕೇಳೋದಾದ್ರೆ ಈ ಕ್ರಮದಲ್ಲಿ ಕೇಳಿ. ಮೊದಲು 'ಈ ಭೂಮಿ'. ಆಮೇಲೆ 'ಪ್ಯಾಸಿ', ಸಾಧ್ಯ ಆದ್ರೆ ಕೆಆರ್‌ಎಸ್ ಕಡೆ ಹೋಗೋ ದಾರೀಲಿ, ಹೆಲ್ಮೆಟ್ ಒಳಗೆ ಇಯರ್‌ಫೋನ್ ಹಾಕ್ಕೊಂಡಲ್ಲ, ಎಲ್ಲಾದ್ರೂ ನಿಲ್ಲಿಸಿ ಕೂತು. ಯೂಟ್ಯೂಬಿನಲ್ಲಿ ಅವರ ಹಳೇ ಲೈವ್ ಶೋಗಳಿವೆ, ವಾಸು ಕುದುರೆ ಕಟ್ಕೊಂಡು ಬರೋದು ಸಿಕ್ಕಿದ್ರೆ ಬಿಡಬೇಡಿ. 'ಘುಮ್' ಒಬ್ಬರೇ ಇದ್ದಾಗ ಕೇಳಿ.

ನಿಮ್ಮ ಬೀದಿಯಲ್ಲೂ ಯಾರಾದ್ರೂ ಇಂಥ ಹಾಡು ಕಟ್ತಿದ್ರೆ, ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಫ್ಯಾನ್ ಸದ್ದು ಇದ್ರೂ ಪರವಾಗಿಲ್ಲ. ಲಾರಿಯೋನು ಇನ್ನೂ ರಿವರ್ಸ್ ತಗೋತಾನೇ ಇದಾನೆ. ಬರ್ತೀನಿ, ನಮಸ್ಕಾರ.